ಚೀಟಿಗಳ ವೈದ್ಯ: ಎಮಿಲ್ ಕ್ರೇಪೆಲಿನ್

೧೮೫೬ನೆಯ ಇಸವಿಯಲ್ಲಿ, ಮೂರು ತಿಂಗಳ ಅಂತರದೊಳಗೆ, ಜರ್ಮನ್ ನುಡಿಯ ಎರಡು ಮನೆಗಳಲ್ಲಿ ಇಬ್ಬರು ಗಂಡುಮಕ್ಕಳು ಹುಟ್ಟಿದರು. ಇಬ್ಬರೂ ದೊಡ್ಡವರಾಗಿ ಮನುಷ್ಯನ ಕದಡಿದ ಚಿತ್ತವನ್ನೇ ವ್ಯಾಸಂಗದ ವಸ್ತುವಾಗಿ ಆರಿಸಿಕೊಂಡರು. ಒಬ್ಬನು ಸಿಗ್ಮಂಡ್ ಫ್ರಾಯ್ಡ್. ನವ್ಯ ಸಾಹಿತ್ಯದ ಕಾಲದಿಂದ ಕನ್ನಡದ ವಿದ್ಯಾರ್ಥಿಗೆ ಆ ಹೆಸರು ಹೊಸದಲ್ಲ. ಇನ್ನೊಬ್ಬನು ಎಮಿಲ್ ಕ್ರೇಪೆಲಿನ್. ಸಾಹಿತ್ಯದವರಾದ ನಮಗೆ ಇವನ ಪರಿಚಯ ಕಡಮೆ. ವೈದ್ಯಲೋಕದಲ್ಲಿ ಇವನ ಹೆಸರು ಫ್ರಾಯ್ಡನಷ್ಟೇ ದೊಡ್ಡದು, ಅದಕ್ಕಿಂತಲೂ ದೊಡ್ಡದೆನ್ನುವವರೂ ಉಂಟು. ಮನೋರೋಗಕ್ಕೂ ವಂಶಕ್ಕೂ ಇರುವ ನಂಟನ್ನು ಹುಡುಕುತ್ತ, ಇಂದು ಲಕ್ಷಾಂತರ ಜನರ ರಕ್ತದ ಹನಿಗಳಲ್ಲಿ ಜೀನುಗಳನ್ನು ಅರಸುತ್ತಿರುವ ವಿಜ್ಞಾನವು ನಡೆಯಲು ಕಲಿತದ್ದು ಈತನ ಅಂಗಳದಲ್ಲಿ. ಆ ವಿಜ್ಞಾನದ ಹಿರಿಮೆಗೆ ಈತ ಎಷ್ಟು ಬಾಧ್ಯನೋ ಅದಕ್ಕೆ ಅಂಟಿದ ಕಳಂಕಕ್ಕೂ ಒಂದಿಷ್ಟು ಬಾಧ್ಯ. ಆದುದರಿಂದ ಇವನ ಬಾಳನ್ನು ಬರಿಯ ಹೊಗಳಿಕೆಯಲ್ಲಿ ಹೇಳಿ ಮುಗಿಸುವಂತಿಲ್ಲ.

ಉತ್ತರ ಜರ್ಮನಿಯ ನಾಯ್‌ಸ್ಟ್ರೆಲಿಟ್ಸ್ ಎಂಬ ಸಣ್ಣ ರಾಜಧಾನಿ ಕ್ರೇಪೆಲಿನ್ನನ ಹುಟ್ಟೂರು. ಹುಟ್ಟಿದ ದಿನ ಫೆಬ್ರವರಿ ೧೫. ತಂದೆ ನಟ, ಗಾಯಕ. ಆ ನಾಡಿನ ಆಡುನುಡಿಯಲ್ಲಿ ಬರೆದ ಫ್ರಿಟ್ಸ್ ರಾಯ್ಟರನ ಕೃತಿಗಳನ್ನು ಸಭೆಗಳಲ್ಲಿ ವಾಚಿಸಿ ಹೆಸರು ಪಡೆದವನು. ನಮ್ಮಲ್ಲಾಗಿದ್ದರೆ ಗಮಕಿ ಎನ್ನುತ್ತಿದ್ದೆವು. ಮಗನಿಗೆ ಬಂದದ್ದು ತಂದೆಯ ಕಂಠವಲ್ಲ, ಅಣ್ಣನ ಕಣ್ಣು. ಎಂಟು ವರ್ಷ ಹಿರಿಯನಾದ ಅಣ್ಣ ಕಾರ್ಲ್ ಜೀವಶಾಸ್ತ್ರಜ್ಞ. ಮುಂದೆ ಹ್ಯಾಂಬರ್ಗಿನ ಪ್ರಕೃತಿವಿಜ್ಞಾನದ ವಸ್ತುಸಂಗ್ರಹಾಲಯಕ್ಕೆ ನಿರ್ದೇಶಕನಾದನು. ಗಿಡವನ್ನು ಎಲೆ, ಹೂ, ಕಾಯಿಗಳಿಂದ ಗುರುತಿಸಿ ಅದರ ಕುಲದಲ್ಲಿ ನಿಲ್ಲಿಸುವ ವಿದ್ಯೆಯ ರುಚಿಯನ್ನು ತಮ್ಮನಿಗೆ ಹತ್ತಿಸಿದವನು ಇವನೇ. ಆ ರುಚಿ ಎಮಿಲ್‌ನನ್ನು ಕೊನೆಯತನಕ ಬಿಡಲಿಲ್ಲ. ಗಿಡಗಳ ಬದಲು ರೋಗಗಳು ಬಂದವು, ಅಷ್ಟೆ.

ಲೈಪ್‌ಜಿಗ್ ಮತ್ತು ವ್ಯೂರ್ಟ್ಸ್‌ಬರ್ಗುಗಳಲ್ಲಿ ವೈದ್ಯವನ್ನೋದಿ ೧೮೭೮ರಲ್ಲಿ ಪದವಿ ಪಡೆದನು. ಪ್ರಾಯೋಗಿಕ ಮನಶ್ಶಾಸ್ತ್ರದ ಜನಕನೆನಿಸಿದ ವಿಲ್‌ಹೆಲ್ಮ್ ವುಂಟ್ ಇವನ ಮನಸ್ಸನ್ನು ಸೂರೆಗೊಂಡ ಗುರು. ಮನಸ್ಸನ್ನೂ ಗಡಿಯಾರ ಹಿಡಿದು ಅಳೆಯಬಹುದು ಎಂಬುದು ವುಂಟ್ ಕಲಿಸಿದ ಪಾಠ. ಅನ್ನಕ್ಕಾಗಿ ಹಿಡಿದ ಕೆಲಸ ಮ್ಯೂನಿಕ್ಕಿನಲ್ಲಿ ಬರ್ನ್‌ಹಾರ್ಡ್ ಫಾನ್ ಗುಡೆನ್ನನ ಕೈಕೆಳಗೆ. ಬವೇರಿಯದ ದೊರೆ ಎರಡನೆಯ ಲೂಡ್ವಿಗ್‌ನಿಗೆ ಹುಚ್ಚೆಂದು ನಿರ್ಣಯ ಕೊಟ್ಟು, ೧೮೮೬ರ ಜೂನ್ ತಿಂಗಳಲ್ಲಿ ಅದೇ ದೊರೆಯೊಡನೆ ಸರೋವರದಲ್ಲಿ ಹೆಣವಾಗಿ ಸಿಕ್ಕಿದ ಡಾಕ್ಟರು ಈ ಗುಡೆನ್. ಆ ಕಾಲದಲ್ಲಿ ಮನೋವೈದ್ಯರೆಲ್ಲರ ಕಣ್ಣು ಮಿದುಳಿನ ಮೇಲೆ. ಮಿದುಳನ್ನು ತೆಳುವಾಗಿ ಸೀಳಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಹುಚ್ಚಿನ ಬೇರು ಕಂಡೇ ಕಾಣುವುದೆಂಬ ನಂಬಿಕೆ. ಕ್ರೇಪೆಲಿನ್ನನ ಕಣ್ಣುಗಳು ಆ ಕೆಲಸಕ್ಕೆ ಒದಗಲಿಲ್ಲ, ಮನಸ್ಸೂ ಒಗ್ಗಲಿಲ್ಲ. ೧೮೮೨ರಲ್ಲಿ ಲೈಪ್‌ಜಿಗ್‌ಗೆ ಹಿಂದಿರುಗಿ ಪೌಲ್ ಫ್ಲೆಕ್ಸಿಗ್‌ನ ಆಸ್ಪತ್ರೆಯನ್ನು ಸೇರಿದನು. ಆಸ್ಪತ್ರೆಗಿಂತ ವುಂಟ್‌ನ ಪ್ರಯೋಗಶಾಲೆಯೇ ಇವನಿಗೆ ಹೆಚ್ಚು ಪ್ರಿಯವೆಂದು ಕಂಡ ಫ್ಲೆಕ್ಸಿಗ್ ಕೆಲವೇ ತಿಂಗಳಲ್ಲಿ ಕೆಲಸದಿಂದ ತೆಗೆದುಹಾಕಿದನು.

ಕೆಲಸವಿಲ್ಲ, ಬಹುಕಾಲದಿಂದ ಕಾದಿದ್ದ ಇನಾ ಶ್ವಾಬೆಯನ್ನು ಮದುವೆಯಾಗಲು ಹಣವೂ ಇಲ್ಲ. ಈ ಇಕ್ಕಟ್ಟಿನಲ್ಲಿ, ವುಂಟ್‌ನ ಒತ್ತಾಸೆಯಿಂದ, ವಿದ್ಯಾರ್ಥಿಗಳಿಗಾಗಿ ಮನೋವೈದ್ಯದ ಒಂದು ಕೈಪಿಡಿಯನ್ನು ಬರೆದನು. ೧೮೮೩ರಲ್ಲಿ ಅಚ್ಚಾದ ಆ ಪುಸ್ತಕದಲ್ಲಿ ಹೊಸತೆಂಬುದು ಹೆಚ್ಚಿರಲಿಲ್ಲ. ಆದರೆ ಮುಂದಿನ ನಾಲ್ವತ್ತಮೂರು ವರ್ಷ ಅವನು ಅದನ್ನೇ ತಿದ್ದಿ, ಒಡೆದು, ಮತ್ತೆ ಕಟ್ಟುತ್ತ ಹೋದನು. ಎಂಟನೆಯ ಮುದ್ರಣದ ಹೊತ್ತಿಗೆ ಅದು ನಾಲ್ಕು ಮಹಾಸಂಪುಟಗಳಾಗಿ ಬೆಳೆದಿತ್ತು. ಒಬ್ಬ ಮನುಷ್ಯನ ವಿಚಾರ ಬೆಳೆದ ಬಗೆಯನ್ನು ಒಂದೇ ಪುಸ್ತಕದ ಮುದ್ರಣಗಳಲ್ಲಿ ಹೀಗೆ ಓದಿಕೊಳ್ಳಬಹುದಾದ ನಿದರ್ಶನಗಳು ವಿರಳ. ಮದುವೆ ೧೮೮೪ರಲ್ಲಿ ನಡೆಯಿತು. ಹುಟ್ಟಿದ ಮಕ್ಕಳಲ್ಲಿ ಹಲವರು ಎಳವೆಯಲ್ಲಿಯೇ ತೀರಿಕೊಂಡರು. ನಾಲ್ವರು ಹೆಣ್ಣುಮಕ್ಕಳು ಉಳಿದರು.

ಮೂವತ್ತನೆಯ ವಯಸ್ಸಿಗೆ, ೧೮೮೬ರಲ್ಲಿ, ಪ್ರಾಧ್ಯಾಪಕ ಪದವಿ ಒಲಿದು ಬಂತು. ಆದರೆ ದೂರದ ಡೋರ್ಪಾಟ್ ನಗರದಲ್ಲಿ. ಇಂದು ಎಸ್ಟೋನಿಯದಲ್ಲಿ ಟಾರ್ಟು ಎಂಬ ಹೆಸರಿನಿಂದಿರುವ ಆ ಊರು ಅಂದು ರಷ್ಯಾದ ಚಕ್ರವರ್ತಿಯ ಆಡಳಿತದಲ್ಲಿತ್ತು. ವಿಶ್ವವಿದ್ಯಾನಿಲಯದಲ್ಲಿ ನಡೆಯುತ್ತಿದ್ದ ಮಾತು ಜರ್ಮನ್. ಆಸ್ಪತ್ರೆಯ ರೋಗಿಗಳಲ್ಲಿ ಬಹುಮಂದಿ ಆಡುತ್ತಿದ್ದುದು ಎಸ್ಟೋನಿಯನ್ ಅಥವಾ ರಷ್ಯನ್. ಹುಚ್ಚಿನ ವೈದ್ಯನಿಗೆ ರೋಗಿಯ ಮಾತೇ ತಿಳಿಯದು! ನಡುವೆ ದುಭಾಷಿ ನಿಂತು ಹೇಳಿದಷ್ಟೇ ಕಿವಿಗೆ ಬೀಳುತ್ತಿತ್ತು. ಭಾಷೆಯನ್ನೇ ಜೀವನೋಪಾಯವಾಗಿ ಮಾಡಿಕೊಂಡ ನನ್ನಂಥವನಿಗೆ ಅವನ ಬಾಳಿನಲ್ಲಿ ಎಲ್ಲಕ್ಕಿಂತ ಅರ್ಥಪೂರ್ಣವಾಗಿ ಕಾಣುವ ಘಟ್ಟ ಇದು. ಮಾತು ತಿಳಿಯದವನು ಏನು ಮಾಡಿಯಾನು? ನೋಡುತ್ತಾನೆ, ಕಾಯುತ್ತಾನೆ, ಬರೆದಿಡುತ್ತಾನೆ. ರೋಗಿ ಏನು ಹೇಳುತ್ತಾನೆ ಎಂಬುದಕ್ಕಿಂತ ಅವನಿಗೆ ಮುಂದೆ ಏನಾಗುತ್ತದೆ ಎಂಬುದು ಮುಖ್ಯವಾಗುತ್ತದೆ. ಕ್ರೇಪೆಲಿನ್ನನ ಬಲವೂ ಬಲಹೀನತೆಯೂ ಡೋರ್ಪಾಟಿನ ಈ ಮೌನದಲ್ಲಿ ಬೇರುಬಿಟ್ಟವೆಂದು ನಾನು ತಿಳಿದಿದ್ದೇನೆ.

೧೮೯೧ರಲ್ಲಿ ಹೈಡೆಲ್‌ಬರ್ಗಿಗೆ ಬಂದಮೇಲೆ ಆ ಕಾಯುವಿಕೆಗೆ ಒಂದು ಕ್ರಮ ಹುಟ್ಟಿತು. ಪ್ರತಿಯೊಬ್ಬ ರೋಗಿಗೂ ಒಂದೊಂದು ಚೀಟಿ. ಕಾಯಿಲೆ ತೊಡಗಿದ ವಯಸ್ಸು, ಆಸ್ಪತ್ರೆಗೆ ಬಂದಾಗಿನ ಲಕ್ಷಣಗಳು, ವಂಶದಲ್ಲಿ ಅಂಥ ರೋಗವುಂಟೆ ಎಂಬ ಸಂಗತಿ, ನಡುನಡುವಿನ ಏರಿಳಿತ, ಕೊನೆಯ ಸ್ಥಿತಿ, ಎಲ್ಲವೂ ಅಡಕವಾಗಿ ಅದರಲ್ಲಿ. ಹೊಸ ರೋಗಿ ಬಂದೊಡನೆ ವೈದ್ಯರೆಲ್ಲರೂ ತಮತಮಗೆ ತೋರಿದ ರೋಗದ ಹೆಸರನ್ನು ಬರೆದು ಒಂದು ಪೆಟ್ಟಿಗೆಗೆ ಹಾಕಬೇಕು. ಕಾಲ ಕಳೆದ ಮೇಲೆ ಪೆಟ್ಟಿಗೆ ತೆರೆದು ಯಾರ ಊಹೆ ಸರಿ, ಯಾರದು ತಪ್ಪು ಎಂದು ನೋಡಬೇಕು. ಆಚಾರ್ಯನ ಊಹೆಗೂ ವಿನಾಯಿತಿಯಿಲ್ಲ! ಬೇರೆ ಆಸ್ಪತ್ರೆಗಳಿಗೆ ಹೋದ ರೋಗಿಗಳ ಗತಿಯೇನಾಯಿತೆಂದು ವಿಚಾರಿಸಿ ಚೀಟಿ ತುಂಬಬೇಕು. ರಜೆಗೆ ಹೊರಟಾಗಲೂ ಚೀಟಿಯ ಕಟ್ಟು ಜೊತೆಯಲ್ಲಿರುತ್ತಿತ್ತು. ಮೇಜಿನ ಮೇಲೆ ಹರಡಿ, ಗುಂಪು ಮಾಡಿ, ಒಡೆದು, ಮತ್ತೆ ಗುಂಪು ಮಾಡುವುದೇ ಅವನ ವಿಶ್ರಾಂತಿ. ನಿಘಂಟಿನ ಕೆಲಸವನ್ನು ಕಂಡವರಿಗೆ ಈ ಚೀಟಿಗಳ ಮಹಿಮೆಯನ್ನು ಹೇಳಬೇಕಾಗಿಲ್ಲ. ಒಂದು ಪ್ರಯೋಗದಿಂದ ಶಬ್ದದ ಅರ್ಥ ತಿಳಿಯದು. ನೂರು ಪ್ರಯೋಗಗಳನ್ನು ಒಟ್ಟಿಗಿಟ್ಟರೆ ತಾನಾಗಿ ತಿಳಿಯುತ್ತದೆ.

ಆ ರಾಶಿಯೊಳಗಿಂದ ಮೂಡಿದುದು ೧೮೯೯ರ ಆರನೆಯ ಮುದ್ರಣದ ಮಹಾವಿಭಾಗ. ಅಲ್ಲಿಯವರೆಗೆ ಹುಚ್ಚಿಗೆ ಲಕ್ಷಣಕ್ಕೊಂದು ಹೆಸರಿತ್ತು: ಮೌನ ಹಿಡಿದರೆ ಒಂದು, ಅಬ್ಬರಿಸಿದರೆ ಇನ್ನೊಂದು, ಅನುಮಾನಪಟ್ಟರೆ ಮತ್ತೊಂದು. ಕ್ರೇಪೆಲಿನ್ ಆ ಕಾಡಿನ ನಡುವೆ ಒಂದೇ ಗೆರೆಯೆಳೆದನು. ಹರೆಯದಲ್ಲಿ ತೊಡಗಿ, ಭ್ರಮೆಗಳೊಡನೆ ಬೆಳೆದು, ಮನಸ್ಸಿನ ಶಕ್ತಿಗಳನ್ನು ಕ್ರಮವಾಗಿ ಕುಂದಿಸುವ ರೋಗ ಒಂದು ಕಡೆ. ಅದಕ್ಕೆ ಡಿಮೆನ್ಶಿಯ ಪ್ರೀಕಾಕ್ಸ್, ಅಂದರೆ ಅಕಾಲ ಬುದ್ಧಿಕ್ಷಯ, ಎಂದು ಹೆಸರಿಟ್ಟನು. ಮುಂದೆ ಸ್ವಿಟ್ಜರ್ಲೆಂಡಿನ ಬ್ಲಾಯ್ಲರ್ ಸ್ಕಿಜೋಫ್ರೇನಿಯ ಎಂದು ಕರೆದದ್ದು ಇದನ್ನೇ. ಇನ್ನೊಂದು ಕಡೆಗೆ ಉತ್ಸಾಹದ ಉನ್ಮಾದವೂ ಆಳವಾದ ಖಿನ್ನತೆಯೂ ಸರದಿಯಂತೆ ಬಂದುಹೋಗಿ, ನಡುವೆ ಮನುಷ್ಯ ಮೊದಲಿನಂತಾಗುವ ವ್ಯಾಧಿ. ತೋರಿಕೆಯಲ್ಲಿ ಇವೆರಡೂ ಎಷ್ಟೋ ಸಲ ಒಂದೇ ಬಗೆ. ಬೇರ್ಪಡಿಸುವುದು ಕಾಲ. ಈಚಿನ ಇತಿಹಾಸಕಾರರು ಉಳಿದಿರುವ ಚೀಟಿಗಳನ್ನು ಪರಿಶೀಲಿಸಿ, ಅವು ನಾವೆಣಿಸಿದಷ್ಟು ನಿಷ್ಪಕ್ಷಪಾತವಲ್ಲ, ವಿಭಾಗದ ಕಲ್ಪನೆ ಚೀಟಿಗೆ ಮೊದಲೇ ಅವನ ತಲೆಯಲ್ಲಿದ್ದಂತೆ ತೋರುತ್ತದೆ ಎಂದಿದ್ದಾರೆ. ಇದು ಚೀಟಿ ಬರೆಯುವವರೆಲ್ಲರೂ ನೆನಪಿಡಬೇಕಾದ ಮಾತು. ಆದರೂ ಗೆರೆ ನಿಂತಿತು; ಲೋಕದ ಆಸ್ಪತ್ರೆಗಳು ಅದನ್ನು ಒಪ್ಪಿಕೊಂಡವು.

ರೋಗಿಯ ಮಾತಿಗೆ ಅವನು ಕಿವುಡನಾಗಿದ್ದನೆಂಬ ಆಕ್ಷೇಪಣೆಯನ್ನು ಅಲ್ಲಗಳೆಯುವುದು ಕಷ್ಟ. ವಿದ್ಯಾರ್ಥಿಗಳ ಮುಂದೆ ನಿಲ್ಲಿಸಿದ ಒಬ್ಬ ತರುಣನ ಮಾತುಗಳನ್ನು ಅವನು ಅರ್ಥವಿಲ್ಲದ ಲಕ್ಷಣವೆಂದು ವರ್ಣಿಸಿದ್ದನು. ಅದೇ ವರ್ಣನೆಯನ್ನು ೧೯೬೦ರಲ್ಲಿ ಸ್ಕಾಟ್ಲೆಂಡಿನ ಆರ್. ಡಿ. ಲೇಯಿಂಗ್ ಮತ್ತೆ ಓದಿ, ಅದರಲ್ಲಿ ಆ ತರುಣನ ಅಪಮಾನ ಮತ್ತು ಪ್ರತಿಭಟನೆಗಳನ್ನು ಕಂಡನು. ವಿಚಿತ್ರವೆಂದರೆ ಮಾತಿನ ವಿಷಯದಲ್ಲಿ ಕ್ರೇಪೆಲಿನ್ನನಿಗೆ ಆಸಕ್ತಿಯಿಲ್ಲದಿರಲಿಲ್ಲ. ತನ್ನ ಕನಸುಗಳಲ್ಲಿ ಕೇಳಿದ ತಲೆಕೆಳಗಾದ ಮಾತುಗಳನ್ನು ನೂರಾರು ಸಂಖ್ಯೆಯಲ್ಲಿ ಗುರುತುಹಾಕಿಕೊಂಡು ೧೯೦೬ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಫ್ರಾಯ್ಡ್ ಕನಸಿನಲ್ಲಿ ಬಯಕೆಯನ್ನು ಹುಡುಕಿದರೆ ಇವನು ಹುಡುಕಿದುದು ಪದಪ್ರಯೋಗದ ದೋಷಗಳನ್ನು!

೧೯೦೩ರಲ್ಲಿ ಮ್ಯೂನಿಕ್ಕಿಗೆ ಹೋದಾಗ ಜೊತೆಯಲ್ಲಿ ಹೋದವರಲ್ಲಿ ಅಲೋಯಿಸ್ ಆಲ್ಝೈಮರ್ ಒಬ್ಬನು. ಅವನು ಕಂಡುಹಿಡಿದ ಮರೆವಿನ ರೋಗಕ್ಕೆ ೧೯೧೦ರಲ್ಲಿ, ತನ್ನ ಪಠ್ಯಪುಸ್ತಕದ ಎಂಟನೆಯ ಮುದ್ರಣದಲ್ಲಿ, ಅವನ ಹೆಸರನ್ನೇ ಇಟ್ಟವನು ಕ್ರೇಪೆಲಿನ್. ಅದೇ ಕಾಲಕ್ಕೆ ಅಣ್ಣ ಕಾರ್ಲ್‌ನೊಡನೆ ಜಾವಾ ದ್ವೀಪಕ್ಕೆ ಪ್ರವಾಸ ಹೋಗಿ, ೧೯೦೪ರಲ್ಲಿ ಅಲ್ಲಿನ ಬೊಯ್ಟೆನ್‌ಜೋರ್ಗ್ ಆಸ್ಪತ್ರೆಯ ರೋಗಿಗಳನ್ನು ಪರೀಕ್ಷಿಸಿದನು. ತಾನು ವಿವರಿಸಿದ ಬುದ್ಧಿಕ್ಷಯ ಯೂರೋಪಿಯನರ ರೋಗ ಮಾತ್ರವೋ ಮನುಷ್ಯಮಾತ್ರರದೋ ಎಂಬುದು ಅವನ ಪ್ರಶ್ನೆ. ಅಲ್ಲಿಯೂ ಅದು ಕಂಡಿತು. ಮದ್ಯಪಾನದ ಮೇಲಿನ ಅವನ ಹಗೆ ಊರಿಗೆಲ್ಲ ಗೊತ್ತಿತ್ತು. ಮದ್ಯ ಮನಸ್ಸಿನ ಚುರುಕನ್ನು ಎಷ್ಟು ಕುಗ್ಗಿಸುವುದೆಂದು ಪ್ರಯೋಗದಿಂದ ಅಳೆದು ತಾನೂ ಕುಡಿತ ಬಿಟ್ಟವನು, ಬಾಳಿನ ಉತ್ತರಾರ್ಧವನ್ನು ಬಿಯರಿನ ರಾಜಧಾನಿಯಲ್ಲಿ ಕಳೆದನು.

ರೋಗದ ಹೆಸರೇನೋ ಸಿಕ್ಕಿತು, ಕಾರಣ ಸಿಗಲಿಲ್ಲ. ಚೀಟಿಗಳಲ್ಲಿ ವಂಶದ ಅಂಕಣ ಮತ್ತೆಮತ್ತೆ ತುಂಬುತ್ತಿತ್ತು. ಆಸ್ಪತ್ರೆಯ ದಿನನಿತ್ಯದ ಗಡಿಬಿಡಿಯಿಂದ ದೂರವಾದ ಸಂಶೋಧನ ಸಂಸ್ಥೆಯೊಂದು ಬೇಕೆಂದು ಅವನು ಹಂಬಲಿಸಿದನು. ಮೊದಲ ಮಹಾಯುದ್ಧದ ನಡುವೆ, ೧೯೧೭ರಲ್ಲಿ, ಮ್ಯೂನಿಕ್ಕಿನಲ್ಲಿ ಅದು ಸ್ಥಾಪನೆಯಾಯಿತು. ಹಣದ ದೊಡ್ಡ ಪಾಲನ್ನು ಕೊಟ್ಟವನು ಜೇಮ್ಸ್ ಲೋಬ್. ಯೆಹೂದ್ಯ ಮನೆತನದ ಅಮೆರಿಕನ್ ಸಾಹುಕಾರ. ಗ್ರೀಕ್ ಹಾಗೂ ಲ್ಯಾಟಿನ್ ಮಹಾಕೃತಿಗಳನ್ನು ಮೂಲ ಮತ್ತು ಇಂಗ್ಲಿಷ್ ಅನುವಾದಗಳೊಡನೆ ಎದುರುಬದುರು ಪುಟಗಳಲ್ಲಿ ಅಚ್ಚುಮಾಡಿಸಿದ ಲೋಬ್ ಗ್ರಂಥಮಾಲೆಯ ಸ್ಥಾಪಕ ಇವನೇ. ಕಾಲೇಜಿನ ಪುಸ್ತಕಭಂಡಾರದಲ್ಲಿ ಆ ಕೆಂಪು ಹಸಿರು ಹೊದಿಕೆಗಳನ್ನು ಸವರಿದ ಅಧ್ಯಾಪಕರಲ್ಲಿ ಎಷ್ಟುಮಂದಿಗೆ, ಅವನು ಖಿನ್ನತೆಯಿಂದ ನರಳಿ ಕ್ರೇಪೆಲಿನ್ನನಲ್ಲಿ ಚಿಕಿತ್ಸೆ ಪಡೆದವನೆಂದು ಗೊತ್ತು?

ಸಂಸ್ಥೆಯ ವಂಶಾವಳಿ ವಿಭಾಗಕ್ಕೆ ಕ್ರೇಪೆಲಿನ್ ಆರಿಸಿದ ಮುಖ್ಯಸ್ಥ ಅರ್ನ್ಸ್ಟ್ ರೂಡಿನ್. ಅಕಾಲ ಬುದ್ಧಿಕ್ಷಯ ವಂಶದಲ್ಲಿ ಹರಿಯುವ ಬಗೆಯನ್ನು ಕುರಿತು ಇವನು ೧೯೧೬ರಲ್ಲಿ ಪ್ರಕಟಿಸಿದ ಗ್ರಂಥ ಈ ಶಾಸ್ತ್ರದ ಮೊದಲ ದೊಡ್ಡ ಲೆಕ್ಕ. ಲೆಕ್ಕವೆಂದರೆ ಸುಲಭವಲ್ಲ. ಆಸ್ಪತ್ರೆಯ ರೋಗಿಯಿಂದ ಹೊರಟು ಅವನ ಮನೆಗೆ ಹೋದರೆ, ಆ ಮನೆಯಲ್ಲಿ ಒಬ್ಬ ರೋಗಿಯಂತೂ ಇದ್ದೇ ಇರುತ್ತಾನೆ. ಅವನನ್ನೂ ಎಣಿಸಿದರೆ ಒಡಹುಟ್ಟಿದವರಲ್ಲಿ ರೋಗದ ಪ್ರಮಾಣ ಸುಳ್ಳಾಗಿ ಏರುತ್ತದೆ. ಇಬ್ಬರು ಮೂವರು ರೋಗಿಗಳಿರುವ ಮನೆ ಎಣಿಕೆಗೆ ಸಿಕ್ಕುವ ಸಂಭವವೂ ಹೆಚ್ಚು. ಇಂದು ಆರೋಗ್ಯವಾಗಿರುವ ತಮ್ಮನಿಗೆ ಇನ್ನೂ ಇಪ್ಪತ್ತು ದಾಟಿಲ್ಲ. ನಾಳೆ ಅವನೂ ರೋಗಿಯಾಗಬಹುದು. ಸ್ಟುಟ್‌ಗಾರ್ಟಿನ ವೈದ್ಯ ವಿಲ್‌ಹೆಲ್ಮ್ ವೈನ್‌ಬರ್ಗ್ ಈ ತೊಡಕುಗಳನ್ನು ಬಿಡಿಸುವ ಗಣಿತವನ್ನು ಒದಗಿಸಿದನು. ಸುಮಾರು ೭೦೦ ಕುಟುಂಬಗಳಿಗೆ ಅದನ್ನು ಅನ್ವಯಿಸಿದಾಗ, ತಂದೆತಾಯಿಗಳಿಗೆ ರೋಗವಿಲ್ಲದ ಮನೆಗಳಲ್ಲಿ ರೋಗಿಯ ಒಡಹುಟ್ಟಿದವರ ಪೈಕಿ ನೂರಕ್ಕೆ ನಾಲ್ಕೈದು ಮಂದಿಗೆ ಮಾತ್ರ ಆ ರೋಗ ಕಂಡಿತು. ಮೆಂಡೆಲ್ ಬಟಾಣಿ ಗಿಡಗಳಲ್ಲಿ ಕಂಡಂತೆ ಒಂದೇ ಅಡಗಿದ ಜೀನು ಕಾರಣವಾಗಿದ್ದರೆ ನೂರಕ್ಕೆ ಇಪ್ಪತ್ತೈದು ಇರಬೇಕಾಗಿತ್ತು. ಎರಡು ಜೀನುಗಳು ಕೂಡಿ ಕೆಲಸಮಾಡುತ್ತಿರಬಹುದೆಂದು ರೂಡಿನ್ ಊಹಿಸಿದನು. ಉನ್ಮಾದ-ಖಿನ್ನತೆಯ ವ್ಯಾಧಿಯ ಮೇಲೆಯೂ ಅಂಥದೇ ದೊಡ್ಡ ಅಧ್ಯಯನ ನಡೆಸಿ, ೧೯೨೨ರಿಂದ ೧೯೨೫ರವರೆಗೆ ಬರೆದನು. ಫಲ ಅವನ ನಂಬಿಕೆಗೆ ಒದಗಿಬರಲಿಲ್ಲ; ಹಸ್ತಪ್ರತಿ ಅಚ್ಚಿಗೆ ಹೋಗಲಿಲ್ಲ. ಆ ಸಂಗತಿ ವಿದ್ವಾಂಸರ ಲೇಖನವೊಂದರ ಮೂಲಕ ಲೋಕಕ್ಕೆ ತಿಳಿದದ್ದು ೨೦೧೫ರಲ್ಲಿ.

ನಂಬಿಕೆ ಯಾವುದೆಂದರೆ, ಕೀಳು ರಕ್ತದಿಂದ ಜನಾಂಗ ಕೆಡುತ್ತದೆ, ಅದನ್ನು ಕಾನೂನಿನಿಂದ ತಡೆಯಬೇಕು ಎಂಬುದು. ಗುರುವು ಇದರಿಂದ ಹೊರತಾಗಿದ್ದನೆನ್ನುವಂತಿಲ್ಲ. ನಾಗರಿಕತೆಯಿಂದ ಜನಾಂಗ ಅಧಃಪತನ ಹೊಂದುತ್ತಿದೆಯೆಂದು ಕ್ರೇಪೆಲಿನ್ ೧೯೦೮ರಲ್ಲಿಯೇ ಬರೆದಿದ್ದನು. ಯುದ್ಧವಿರೋಧಿ ಮುಷ್ಕರದಲ್ಲಿ ಸೇರಿ ಸೆರೆಸಿಕ್ಕಿದ ತರುಣ ನಾಟಕಕಾರ ಅರ್ನ್ಸ್ಟ್ ಟೋಲರ್‌ನನ್ನು ೧೯೧೮ರಲ್ಲಿ ಇವನ ಆಸ್ಪತ್ರೆಯಲ್ಲಿ ಪರೀಕ್ಷೆಗಿಟ್ಟಿದ್ದರು. ಟೋಲರ್ ತನ್ನ ಆತ್ಮಕಥೆಯಲ್ಲಿ ಬಿಡಿಸಿದ ಕ್ರೇಪೆಲಿನ್ನನ ಚಿತ್ರ ಪ್ರೀತಿ ಹುಟ್ಟಿಸುವಂಥದಲ್ಲ. ಸೋತ ಜರ್ಮನಿಯಲ್ಲಿ ಕ್ರಾಂತಿಯೆದ್ದಾಗ, ೧೯೧೯ರ ಲೇಖನವೊಂದರಲ್ಲಿ, ಕ್ರಾಂತಿಯ ಮುಂದಾಳುಗಳನ್ನು ಮನೋವಿಕಾರದ ಅಂಕಣಕ್ಕೆ ತಳ್ಳಿ, ಯೆಹೂದ್ಯರ ಮೇಲೂ ಕೀಳು ಮಾತುಗಳನ್ನಾಡಿದನು. ತನ್ನ ಸಂಸ್ಥೆಗೆ ಯಾರ ಹಣ ಬಂದಿತ್ತೆಂದು ಆ ಘಳಿಗೆಯಲ್ಲಿ ಅವನಿಗೆ ನೆನಪಾಗಲಿಲ್ಲವೇ? ದೊಡ್ಡವರ ಬಾಳಿನಲ್ಲಿ ಇಂಥ ಪುಟಗಳನ್ನು ಮಡಿಚಿಡುವ ಚರಿತ್ರಕಾರರುಂಟು. ಅದು ಸಲ್ಲದು.

ಜೇಮ್ಸ್ ಲೋಬ್ ೧೯೩೩ರ ಮೇ ತಿಂಗಳಲ್ಲಿ ಸತ್ತನು. ಅದೇ ವರ್ಷ ಜುಲೈ ೧೪ರಂದು ಹಿಟ್ಲರನ ಸರಕಾರ ವಂಶಪಾರಂಪರ್ಯ ರೋಗಿಗಳಿಗೆ ಸಂತಾನವಿಲ್ಲದಂತೆ ಮಾಡುವ ಕಾನೂನನ್ನು ಹೊರಡಿಸಿತು. ಆ ರೋಗಗಳ ಪಟ್ಟಿಯಲ್ಲಿ ಕ್ರೇಪೆಲಿನ್ನನ ಗೆರೆಯ ಎರಡೂ ಕಡೆಯ ರೋಗಗಳಿದ್ದವು. ಕಾನೂನಿಗೆ ಭಾಷ್ಯ ಬರೆದವರಲ್ಲಿ ರೂಡಿನ್ ಒಬ್ಬನು. ಅಷ್ಟರಲ್ಲಿ ಅವನು ಕ್ರೇಪೆಲಿನ್ ಕಟ್ಟಿದ ಸಂಸ್ಥೆಗೇ ನಿರ್ದೇಶಕ. ೧೯೪೫ರೊಳಗೆ ಸುಮಾರು ೪ ಲಕ್ಷ ಮಂದಿ ಬಲಾತ್ಕಾರದ ಶಸ್ತ್ರಚಿಕಿತ್ಸೆಗೆ ಗುರಿಯಾದರು. ೧೯೪೦-೪೧ರಲ್ಲಿ ೭೦ ಸಾವಿರಕ್ಕೂ ಹೆಚ್ಚು ರೋಗಿಗಳನ್ನು ವಿಷಾನಿಲದಿಂದ ಕೊಲ್ಲಲಾಯಿತು. ಯಾರನ್ನು ಕೊಲ್ಲಬೇಕೆಂದು ಗೊತ್ತುಮಾಡಿದುದು ಆಸ್ಪತ್ರೆಗಳಿಂದ ತುಂಬಿಸಿ ತರಿಸಿದ ಕಾಗದಗಳ ಮೇಲೆ.

ಯುದ್ಧಾನಂತರ ಈ ಶಾಸ್ತ್ರ ಬಹುಕಾಲ ತಲೆತಗ್ಗಿಸಿಕೊಂಡೇ ನಡೆಯಿತು. ಆದರೆ ಪ್ರಶ್ನೆ ಸಾಯಲಿಲ್ಲ. ರೂಡಿನ್ನನ ಸಹೋದ್ಯೋಗಿ ಲುಕ್ಸೆನ್‌ಬರ್ಗರ್ ೧೯೨೮ರಲ್ಲಿಯೇ ಅವಳಿಗಳನ್ನು ಕ್ರಮವಾಗಿ ಆರಿಸಿ ಹೋಲಿಸುವ ದಾರಿ ತೋರಿದ್ದನು: ಒಂದೇ ಅಂಡದಿಂದ ಹುಟ್ಟಿದವರು ಎರಡು ಅಂಡದವರಿಗಿಂತ ಹೆಚ್ಚಾಗಿ ಒಂದೇ ರೋಗಕ್ಕೆ ಗುರಿಯಾದರೆ ಅದು ವಂಶದ ಗುರುತು. ಒಂದೇ ಮನೆಯ ಅನ್ನ, ಒಂದೇ ಮನೆಯ ಜಗಳವೂ ಕಾರಣವಾಗಬಹುದಲ್ಲ ಎಂಬ ಸಂದೇಹಕ್ಕೆ ೧೯೬೦ರ ದಶಕದಲ್ಲಿ ದತ್ತುಮಕ್ಕಳ ಅಧ್ಯಯನಗಳು ಉತ್ತರ ಕೊಟ್ಟವು. ಹೆತ್ತ ತಾಯಿಯಿಂದ ದೂರ ಬೆಳೆದ ಮಕ್ಕಳಲ್ಲಿಯೂ ರೋಗ ಕಂಡಿತು. ಬಳಿಕ ಜೀನಿನ ನೆಲೆಯನ್ನೇ ಹುಡುಕುವ ಕಾಲ. ವರ್ಣತಂತುವಿನ ಗೊತ್ತಾದ ಗುರುತೊಂದು ದೊಡ್ಡ ಕುಟುಂಬದಲ್ಲಿ ರೋಗದ ಜೊತೆಜೊತೆಗೇ ಇಳಿದುಬರುತ್ತಿದ್ದರೆ, ರೋಗದ ಜೀನು ಅದರ ನೆರೆಯಲ್ಲಿರಬೇಕು. ಪೆನ್ಸಿಲ್ವೇನಿಯದ ಆಮಿಷ್ ಸಮುದಾಯದಲ್ಲಿ ಉನ್ಮಾದ-ಖಿನ್ನತೆಯ ಜೀನು ಹನ್ನೊಂದನೆಯ ವರ್ಣತಂತುವಿನಲ್ಲಿದೆಯೆಂದು ೧೯೮೭ರಲ್ಲಿ ಜಯಘೋಷವಾಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ, ಆರೋಗ್ಯವಂತರೆಂದು ಎಣಿಸಿದ್ದ ಇಬ್ಬರು ರೋಗಕ್ಕೆ ಬಿದ್ದರು, ಕುಟುಂಬದ ಇನ್ನೊಂದು ಕವಲು ಲೆಕ್ಕಕ್ಕೆ ಬಂತು, ಜಯ ಕರಗಿಹೋಯಿತು. ಕಾದುನೋಡಬೇಕೆಂಬ ಹೈಡೆಲ್‌ಬರ್ಗಿನ ಚೀಟಿಗಳ ಪಾಠ ಅಮೆರಿಕದ ಪ್ರಯೋಗಶಾಲೆಯಲ್ಲಿ ಹೀಗೆ ಮರುಕಳಿಸಿತು.

ಈಗಿನ ಕ್ರಮ ಬೇರೆ. ಮನುಷ್ಯರ ಜೀನುಗಳ ಬರವಣಿಗೆಯಲ್ಲಿ ಅಲ್ಲಲ್ಲಿ ಒಂದೊಂದು ಅಕ್ಷರದ ವ್ಯತ್ಯಾಸವಿರುತ್ತದೆ. ನಮ್ಮ ಹಸ್ತಪ್ರತಿಗಳ ಪಾಠಾಂತರಗಳನ್ನು ನೆನೆಯಿರಿ. ಸಾವಿರಾರು ರೋಗಿಗಳನ್ನೂ ಸಾವಿರಾರು ಆರೋಗ್ಯವಂತರನ್ನೂ ಎದುರಿಟ್ಟು, ಲಕ್ಷಗಟ್ಟಲೆ ಪಾಠಾಂತರಗಳಲ್ಲಿ ಯಾವುದು ರೋಗಿಗಳಲ್ಲಿ ತುಸು ಹೆಚ್ಚೆಂದು ಅಳೆಯುವುದು. ಅಷ್ಟೊಂದು ಕಡೆ ನೋಡುವಾಗ ಆಕಸ್ಮಿಕವೂ ಸತ್ಯದ ವೇಷ ತೊಡುತ್ತದೆ. ಆದುದರಿಂದ ಒರೆಗಲ್ಲು ಕಠಿಣ, ಜನಸಂಖ್ಯೆ ಅಪಾರ. ೨೦೧೪ರ ಅಧ್ಯಯನ ೩೬,೯೮೯ ಸ್ಕಿಜೋಫ್ರೇನಿಯ ರೋಗಿಗಳಿಂದ ೧೦೮ ನೆಲೆಗಳನ್ನು ತೋರಿತು; ೨೦೨೨ರಲ್ಲಿ ೭೬,೭೫೫ ರೋಗಿಗಳಿಂದ ೨೮೭. ಒಂದೊಂದರ ಬಲವೂ ಅತ್ಯಲ್ಪ. ಎರಡು ಜೀನುಗಳೆಂದು ರೂಡಿನ್ ಊಹಿಸಿದ್ದ ಕಡೆ ನೂರಾರು ನೆಲೆಗಳು! ರಕ್ತ ಕೊಟ್ಟವರಲ್ಲಿ ಬಹುಪಾಲು ಯೂರೋಪ್ ಮೂಲದವರು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರಗಳು ಕೂಡಿ, ಒಂದಕ್ಕಿಂತ ಹೆಚ್ಚು ಮಂದಿ ರೋಗಿಗಳಿರುವ ಕುಟುಂಬಗಳನ್ನು ಅಧ್ಯಯನಕ್ಕೆ ಆರಿಸಿಕೊಂಡದ್ದು ಈ ಕೊರತೆಯನ್ನು ತುಂಬಬಲ್ಲ ಕೆಲಸ.

ಈ ಲೆಕ್ಕಗಳಿಂದ ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ೧೮೯೯ರ ಗೆರೆಗೆ. ೨೦೦೯ರಲ್ಲಿ ಸ್ವೀಡನ್ನಿನ ೨೦ ಲಕ್ಷಕ್ಕೂ ಹೆಚ್ಚು ಕುಟುಂಬಗಳ ದಾಖಲೆಗಳಿಂದ, ಅದೇ ವರ್ಷ ನೇರವಾಗಿ ಜೀನುಗಳ ಹೋಲಿಕೆಯಿಂದಲೂ, ಅವನು ಬೇರ್ಪಡಿಸಿದ ಎರಡು ರೋಗಗಳ ಬೇರುಗಳು ಬಹುಮಟ್ಟಿಗೆ ಹೆಣೆದುಕೊಂಡಿವೆಯೆಂದು ತಿಳಿದುಬಂತು. ಗೆರೆ ಪೂರ್ತಿ ಅಳಿಸಿಹೋಗಿಲ್ಲ. ಆದರೆ ಗೋಡೆಯಂತೂ ಅಲ್ಲ. ಯಾರನ್ನು ಯಾವ ರೋಗಿಯೆಂದು ಎಣಿಸಬೇಕೆಂದು ಗೊತ್ತಾದ ಮೇಲೆಯೇ ಜೀನಿನ ಹುಡುಕಾಟ. ಆ ಗೊತ್ತುಪಾಡು ಬಹುಕಾಲ ಇವನದೇ ಆಗಿತ್ತು. ಅದರ ಮೇಲೆ ನಿಂತು ಎಣಿಸಿದವರು ಅದನ್ನೇ ಅಲುಗಿಸಿದರು.

ಅದನ್ನೆಳೆದವ ಬದುಕಿದ್ದರೆ ಸಿಟ್ಟಾಗುತ್ತಿದ್ದನೇ? ಹಾಗೆ ತೋರುವುದಿಲ್ಲ. ೧೯೨೦ರಲ್ಲಿ, ಅರವತ್ತನಾಲ್ಕನೆಯ ವಯಸ್ಸಿನಲ್ಲಿ, ಹುಚ್ಚಿನ ರೂಪಗಳನ್ನು ಕುರಿತು ಬರೆದ ಪ್ರಬಂಧದಲ್ಲಿ, ಈ ಎರಡು ರೋಗಗಳನ್ನು ನಿಶ್ಚಯವಾಗಿ ಬೇರ್ಪಡಿಸಲಾಗದ ರೋಗಿಗಳು ಬಹಳವೆಂದೂ, ಪ್ರಶ್ನೆಯನ್ನೇ ಬೇರೆ ರೀತಿಯಲ್ಲಿ ಕೇಳಬೇಕಾಗಬಹುದೆಂದೂ ಅವನೇ ಒಪ್ಪಿಕೊಂಡಿದ್ದನು. ಇಪ್ಪತ್ತು ವರ್ಷ ಲೋಕವೆಲ್ಲ ಕಲಿತ ಪಾಠವನ್ನು ಕಲಿಸಿದವನೇ ಸಂಶಯಿಸಿದ್ದು ಅವನ ಬಾಳಿನಲ್ಲಿ ನನಗೆ ಮೆಚ್ಚುಗೆಯಾದ ಪುಟ. ೧೯೨೨ರಲ್ಲಿ ಅಧ್ಯಾಪನದಿಂದ ನಿವೃತ್ತನಾಗಿ, ೧೯೨೫ರಲ್ಲಿ ಅಮೆರಿಕಕ್ಕೆ ಹೋಗಿ ಸಂಸ್ಥೆಗೆ ಹಣ ಬೇಡಿದನು. ಪಠ್ಯಪುಸ್ತಕದ ಒಂಬತ್ತನೆಯ ಮುದ್ರಣವನ್ನು ತಿದ್ದುತ್ತಿದ್ದನು. ಕೊನೆಯ ವರ್ಷಗಳಲ್ಲಿ ಬುದ್ಧನ ಬೋಧೆಯ ಕಡೆಗೆ ಮನಸ್ಸು ಹರಿದಿತ್ತೆಂದೂ, ಬೌದ್ಧ ಕ್ಷೇತ್ರಗಳ ಯಾತ್ರೆಗೆ ಸಿದ್ಧತೆ ನಡೆದಿತ್ತೆಂದೂ ಅವನ ಹೆಣ್ಣುಮಕ್ಕಳು ಹೇಳಿದ್ದಾರೆ. ಯಾತ್ರೆ ಕೈಗೂಡಲಿಲ್ಲ. ೧೯೨೬ರ ಅಕ್ಟೋಬರ್ ೭ರಂದು ಮ್ಯೂನಿಕ್ಕಿನಲ್ಲಿ ತೀರಿಕೊಂಡನು. ಸಮಾಧಿಯಿರುವುದು ಹೈಡೆಲ್‌ಬರ್ಗಿನ ಗುಡ್ಡದ ಮೇಲಿನ ಸ್ಮಶಾನದಲ್ಲಿ. ಅರ್ಧ ತಿದ್ದಿದ್ದ ಒಂಬತ್ತನೆಯ ಮುದ್ರಣವನ್ನು ಶಿಷ್ಯ ಯೋಹಾನೆಸ್ ಲಾಂಗೆ ಮುಂದುವರಿಸಿ, ಮರುವರ್ಷ ಅಚ್ಚುಹಾಕಿಸಿದನು.